ನೀಲಿ ಪರದೆ ಬಂತೆಂದು ಫಾರ್ಮ್ಯಾಟ್‌ಗೆ ಒಪ್ಪಬೇಡಿ, ಮೊದಲು ರ‍್ಯಾಮ್ ಪರೀಕ್ಷಿಸಿ

ಮನೆಯ ಕಂಪ್ಯೂಟರ್ ಪದೇ ಪದೇ ನೀಲಿ ಪರದೆ ತೋರಿಸಿ ತನ್ನಷ್ಟಕ್ಕೇ ರೀಸ್ಟಾರ್ಟ್ ಆಗುತ್ತಿದೆಯೇ? (ಹೊಸ ವಿಂಡೋಸ್ 11ರಲ್ಲಿ ಈಗ ಅದು ಕಪ್ಪು ಪರದೆ.) ಹಾಗಿದ್ದರೆ ಅದನ್ನು ಎತ್ತಿಕೊಂಡು ಸೀದಾ ರಿಪೇರಿ ಅಂಗಡಿಗೆ ಓಡಬೇಡಿ. ಹೋಗಲೇಬೇಕಾದರೆ ಒಳಗಿರುವ, ನಡೆಯುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿಯಾದ ರ‍್ಯಾಮ್ ಸ್ಟಿಕ್ಕುಗಳ ಮೇಲಿನ ಚೀಟಿ ಕಾಣುವಂತೆ ಫೋಟೋ ತೆಗೆದಿಟ್ಟುಕೊಂಡು ಹೋಗಿ. ‘ಫಾರ್ಮ್ಯಾಟ್ ಮಾಡಿದರೆ ಎಲ್ಲ ಸರಿ’ ಎಂದು ಯಾರಾದರೂ ಹೇಳಿದರೆ, ರ‍್ಯಾಮ್ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿ. ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮಗೆ ಆದದ್ದನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ.

ನಮ್ಮದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. 8 ಜಿಬಿಯ ಎರಡು ಡಿಡಿಆರ್4 (ರ‍್ಯಾಮಿನ ಒಂದು ಪೀಳಿಗೆ) ಸ್ಟಿಕ್, ಒಂದೇ ಡಬ್ಬಿಯಲ್ಲಿ ಬಂದ ಜೋಡಿ, ಮುಂಬೈಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ ಪಕ್ಕಾ ಬಿಲ್ಲಿನಲ್ಲಿ ತಂದದ್ದು. ಹೆಂಡತಿ ಕೆಲವು ಹೋಟೆಲುಗಳ ಜಿಎಸ್‌ಟಿ ಲೆಕ್ಕವನ್ನು ಅದರಲ್ಲೇ ನೋಡಿಕೊಳ್ಳುತ್ತಾಳೆ. ನಾನು ನಮ್ಮ ಸಂಘದ ಸ್ಮರಣ ಸಂಚಿಕೆಯ ಪುಟ ಜೋಡಿಸುತ್ತೇನೆ. ಈ ಸಲ ಸಂಚಿಕೆಗೆಂದು ಹಳಬರ ಮನೆಗಳಿಂದ ಯಕ್ಷಗಾನ, ನಾಟಕಗಳ ಫೋಟೋ ತಂದು ಸ್ಕ್ಯಾನ್ ಮಾಡಿ, ಮೂಲ ಪ್ರತಿಗಳನ್ನು ಅವರವರಿಗೆ ಹಿಂದಿರುಗಿಸಿಯಾಗಿತ್ತು.

ಮಳೆಗಾಲ ಮುಗಿಯುತ್ತ ಬಂದಾಗ ಉಪದ್ರ ಶುರುವಾಯಿತು. ಮೊದಲು ಬ್ರೌಸರ್ ಟ್ಯಾಬುಗಳು ಸುಮ್ಮನೆ ಸಾಯುತ್ತಿದ್ದವು. ಆಮೇಲೆ ಜಿಪ್ ಫೈಲ್ ಬಿಚ್ಚಿದರೆ ‘ಫೈಲ್ ಕೆಟ್ಟಿದೆ’, ಅದನ್ನೇ ಮತ್ತೆ ಬಿಚ್ಚಿದರೆ ಸರಿ. ಕೊನೆಗೆ ನೀಲಿ ಪರದೆ: ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಮ್ಮೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ಮತ್ತೊಮ್ಮೆ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’. ಈ ಬದಲಾಗುವ ಹೆಸರುಗಳನ್ನು ಗಮನಿಸಿ. ಒಂದು ಡ್ರೈವರ್ ಅಥವಾ ಒಂದು ಪ್ರೋಗ್ರಾಂ ಕೆಟ್ಟಿದ್ದರೆ ಹೆಚ್ಚಾಗಿ ಅದೇ ದೂರು ಮರಳಿ ಬರುತ್ತದೆ. ಪ್ರತಿ ಸಲ ಬೇರೆ ಕೋಡ್, ಪ್ರತಿ ಸಲ ಬೇರೆ ಕೆಲಸದ ನಡುವೆ ಬಂದರೆ ಮೊದಲ ಸಂಶಯ ರ‍್ಯಾಮ್ ಮೇಲೆ ಬೀಳಬೇಕು. ಇದನ್ನು ಕಂಪ್ಯೂಟರ್ ರಿಪೇರಿಯನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ನಾವು ಹೇಳಿಕೊಡಬೇಕಾಗಿ ಬಂದದ್ದೇ ವಿಚಿತ್ರ.

ಸ್ಟೇಷನ್ ಹತ್ತಿರದ ಅಂಗಡಿಯಿಂದ ಹುಡುಗ ಮನೆಗೇ ಬಂದ. ನೋಡಿದ್ದೇ ತಡ, "ಅಂಕಲ್, ವಿಂಡೋಸ್ 10 ಬಂದ್ ಹೋ ಗಯಾ ನಾ, ಇಸೀಲಿಯೇ" ಎಂದ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತದ್ದು ನಿಜ. ಆದರೆ ನಿಂತದ್ದು ಸುರಕ್ಷತೆಯ ಅಪ್‌ಡೇಟ್. ಆ ಕಾರಣಕ್ಕೆ ಯಾವ ಕಂಪ್ಯೂಟರೂ ಬೀಳುವುದಿಲ್ಲ. ಹುಡುಗ ತನ್ನ ಹಾರ್ಡ್ ಡಿಸ್ಕ್ ಸಿಕ್ಕಿಸಿ ನಮ್ಮ ಫೋಲ್ಡರುಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿದ, ನಮ್ಮ ಡಿಸ್ಕನ್ನು ಅಳಿಸಿದ, ವಿಂಡೋಸ್ ಹಾಕಲು ಕೂತ. ಅರ್ಧ ದಾರಿಯಲ್ಲಿ ‘ಬೇಕಾದ ಫೈಲುಗಳನ್ನು ಹಾಕಲಾಗುತ್ತಿಲ್ಲ’ ಎಂದು ನಿಂತಿತು. ಅದೇ ಪೆನ್‌ಡ್ರೈವಿನಿಂದ ಮತ್ತೆ ಶುರು ಮಾಡಿದರೆ ಬೇರೆ ಜಾಗದಲ್ಲಿ ನಿಂತಿತು. ಪೆನ್‌ಡ್ರೈವ್ ಬದಲಿಸಿದರೂ ಅದೇ ಕಥೆ. ಕೆಟ್ಟ ರ‍್ಯಾಮ್ ಇದಕ್ಕಿಂತ ಗಟ್ಟಿಯಾಗಿ ಕೂಗಿ ಹೇಳಲಾರದು. ಹುಡುಗನ ತೀರ್ಮಾನ: ಹಾರ್ಡ್ ಡಿಸ್ಕ್ ಗಯಾ.

ಸಿಪಿಯು ಡಬ್ಬಿ ಅಂಗಡಿಗೆ ಹೋಯಿತು, ಹೊಸ ಎಸ್‌ಎಸ್‌ಡಿ (ಚಿಪ್ಪಿನ ಡಿಸ್ಕ್) ಹಾಕಿಸಿಕೊಂಡು ಬಂತು, ಸಂಜೆಗೇ ಮತ್ತೆ ಬಿತ್ತು. ಫೋನ್ ಮಾಡಿದರೆ ಈಗ ಮಾಲೀಕರೇ ಮಾತಾಡಿದರು: ಮದರ್‌ಬೋರ್ಡ್ ಹೋಗಿದೆ, ಆ ಸಾಕೆಟ್ಟಿನ ಬೋರ್ಡ್ ಈಗ ಸಿಗುವುದಿಲ್ಲ, ಪ್ರೊಸೆಸರನ್ನೂ ಬದಲಿಸಬೇಕು. ಅಂದರೆ ಹೊಸ ಕಂಪ್ಯೂಟರೇ ಕೊಳ್ಳಿ ಎಂದಂತಾಯಿತು.

ಆ ವಾರ ಅಕ್ಕನ ಮಗ ಊಟಕ್ಕೆ ಬಂದಿದ್ದ. ಮಹಾಪೆಯಲ್ಲಿ ಡೇಟಾ ಸೆಂಟರ್ ಒಂದರಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಅವನದು. ಕೋಡುಗಳನ್ನು ಕೇಳಿದವನೇ, "ಮಾವ, ರ‍್ಯಾಮ್ ಟೆಸ್ಟ್ ಯಾರೂ ಮಾಡ್ಲೇ ಇಲ್ವಾ?" ಎಂದ. ಪೆನ್‌ಡ್ರೈವಿಗೆ ಮೆಮ್‌ಟೆಸ್ಟ್86 ಪ್ಲಸ್ ಹಾಕಿ ಅದರಿಂದಲೇ ಬೂಟ್ ಮಾಡಿದ. ಪರದೆ ತುಂಬ ಕೆಂಪು ಸಾಲುಗಳು ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈ ತಂತ್ರಾಂಶ ಪುಕ್ಕಟೆ. 2022ರಲ್ಲಿ ಬಂದ ಅದರ 6ನೇ ಆವೃತ್ತಿಯಿಂದ ಈಚೆಗಿನ ಯುಇಎಫ್‌ಐ (ಕಂಪ್ಯೂಟರ್ ಆರಂಭಿಸುವ ಹೊಸ ಬಗೆಯ ತಂತ್ರಾಂಶ) ಬೋರ್ಡುಗಳಲ್ಲೂ ಓಡುತ್ತದೆ. ಒಂದು ದೋಷ ಬಂದರೂ ದೋಷವೇ. ‘ಲಕ್ಷದಲ್ಲಿ ಒಂದು, ಪರವಾಗಿಲ್ಲ’ ಎನ್ನುವ ರಿಯಾಯಿತಿ ಇಲ್ಲಿಲ್ಲ.

ರ‍್ಯಾಮಿನ ಒಂದು ಮೂಲೆಯಷ್ಟೇ ಕೆಟ್ಟಿದ್ದರೂ ಹೀಗೆ ಒಂದೊಂದು ಸಲ ಒಂದೊಂದು ಬಗೆಯ ತೊಂದರೆ ಏಕೆ? ಹೋಟೆಲಿನಲ್ಲಿ ಒಂದು ಮೇಜಿನ ಕಾಲು ಸಡಿಲವಾಗಿದ್ದರೆ ಅಲ್ಲಿ ಬಂದು ಕೂತವರ ಸಾಂಬಾರು ಮಾತ್ರ ಚೆಲ್ಲುತ್ತದೆ, ಹಾಗೆ. ಆ ಜಾಗಕ್ಕೆ ಬ್ರೌಸರ್ ಬಂದು ಕೂತರೆ ಟ್ಯಾಬ್ ಸಾಯುತ್ತದೆ, ವಿಂಡೋಸಿನ ತಿರುಳು ಕೂತರೆ ನೀಲಿ ಪರದೆ. ಕಾಪಿ ಆಗುತ್ತಿರುವ ಫೋಟೋ ಕೂತರೆ? ಏನೂ ಸದ್ದಿಲ್ಲ. ಡಿಸ್ಕಿನಿಂದ ಓದಿದ್ದು ರ‍್ಯಾಮಿಗೆ ಬರುತ್ತದೆ, ಅಲ್ಲಿ ಒಂದು ಬಿಟ್ (0 ಅಥವಾ 1) ತಿರುಗುತ್ತದೆ, ತಿರುಗಿದ್ದೇ ಇನ್ನೊಂದು ಡಿಸ್ಕಿನಲ್ಲಿ ಬರೆದಾಗುತ್ತದೆ. ಹುಡುಗ ಮಾಡಿದ ‘ಬ್ಯಾಕಪ್’ ತೆರೆದಾಗ ನಮಗೆ ಸಿಕ್ಕಿದ್ದು ಇದೇ. ಹಲವು ಫೋಟೋಗಳು ಸರಿ ಇದ್ದವು; ಹಲವಕ್ಕೆ ಕಿರೀಟ ಕಾಣುತ್ತದೆ, ಮುಖದಿಂದ ಕೆಳಗೆ ಬೂದು ಬಣ್ಣ. ಒಂದು ಎಕ್ಸೆಲ್ ಫೈಲ್ ತೆರೆಯಲೇ ಇಲ್ಲ. ಮೂಲ ಡಿಸ್ಕಿನಲ್ಲಿದ್ದದ್ದು ಫಾರ್ಮ್ಯಾಟ್ ಆಗಿ ಮೇಲೆ ಹೊಸ ವಿಂಡೋಸ್ ಅರ್ಧಂಬರ್ಧ ಬರೆದಾಗಿತ್ತು. ಫೋಟೋ ಕೊಟ್ಟ ಹಿರಿಯರಲ್ಲಿ ಕೆಲವರು ಈಗ ಊರಿಗೆ ಹೋಗಿ ನೆಲೆಸಿದ್ದಾರೆ. ಅವರಿಗೆ ಫೋನ್ ಮಾಡಿ ‘ಇನ್ನೊಮ್ಮೆ ಕಳಿಸಿ’ ಎನ್ನಲು ನಾಲಗೆ ಏಳುವುದಿಲ್ಲ.

ಆದ್ದರಿಂದ ನನ್ನ ಮುಖ್ಯ ತಕರಾರು ಇದು: ಕ್ರ್ಯಾಶ್ ಆಗುತ್ತಿರುವ ಯಂತ್ರವನ್ನೇ ಓಡಿಸಿ ಬ್ಯಾಕಪ್ ತೆಗೆಯಬಾರದು. ಡಿಸ್ಕ್ ಬಿಚ್ಚಿ, ಸರಿಯಿರುವ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಅಲ್ಲಿಂದ ಕಾಪಿ ಮಾಡಬೇಕು. ಡಿಸ್ಕಿನ ದೋಷ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸುವುದೂ ರ‍್ಯಾಮ್ ಪರೀಕ್ಷೆಯ ನಂತರವೇ, ಏಕೆಂದರೆ ಅದು ಡಿಸ್ಕಿನ ಪಟ್ಟಿಯನ್ನು ತಿದ್ದಿ ಬರೆಯುತ್ತದೆ, ಕೆಟ್ಟ ರ‍್ಯಾಮಿನ ಮೂಲಕವೇ ತಿದ್ದುತ್ತದೆ.

ಅಳಿಯನ ಸರ್ವರುಗಳಲ್ಲಿ ಇಸಿಸಿ ಎಂಬ ಜಾತಿಯ ಮೆಮೊರಿ ಇರುತ್ತದಂತೆ. ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಂಡು ದಾಖಲೆಯಲ್ಲಿ ಬರೆದಿಡುತ್ತದೆ. ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಡಿಡಿಆರ್5ರಲ್ಲಿ ಚಿಪ್ಪಿನ ಒಳಗೇ ಅಂಥದ್ದೊಂದು ವ್ಯವಸ್ಥೆ ಇದ್ದರೂ ಅದು ಸರ್ವರಿನ ಪೂರ್ಣ ಇಸಿಸಿಗೆ ಸಮವಲ್ಲ. ರ‍್ಯಾಮ್ ಕೆಡುವುದು ಅಪರೂಪ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಗೂಗಲ್ ತನ್ನ ಸರ್ವರುಗಳ ಲೆಕ್ಕ ಹಿಡಿದು ಟೊರಾಂಟೊ ವಿಶ್ವವಿದ್ಯಾಲಯದವರ ಜೊತೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ಸ್ಟಿಕ್ಕುಗಳಲ್ಲಿ ದೋಷ ಕಂಡುಬಂದಿತ್ತು.

ಇನ್ನು ಎರಡನೆಯ ಅಧ್ಯಾಯ. ಯಾವ ಸ್ಟಿಕ್ ಕೆಟ್ಟಿದೆ ನೋಡೋಣವೆಂದು ಅಳಿಯ ಡಬ್ಬಿ ಬಿಚ್ಚಿದ. ಜೋಡಿಯಾಗಿ ತಂದವು ಈಗ ಜೋಡಿಯಾಗಿ ಕಾಣಲಿಲ್ಲ. ಸ್ಟಿಕ್ಕಿನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ ನೋಡಿದರೆ ಒಂದು ನಮ್ಮದೇ, 3200ರ ವೇಗದ್ದು. ಇನ್ನೊಂದು ಬೇರೆ ತಯಾರಕರ 2400ರದು, ತಯಾರಾದ ವರ್ಷವೂ ಹಳೆಯದು. ವಿಂಡೋಸ್ ಒಟ್ಟು 16 ಜಿಬಿ ಎಂದೇ ತೋರಿಸುತ್ತದೆ, ಆದ್ದರಿಂದ ಮೇಲಿಂದ ಮೇಲೆ ನೋಡಿದವರಿಗೆ ತಿಳಿಯದು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇತ್ತು. ಅದನ್ನು ಹಿಡಿದು ಅಂಗಡಿಗೆ ಹೋದಾಗ ಮಾಲೀಕರು ಸ್ವಲ್ಪ ಹೊತ್ತು ಗರಂ ಆಗಿ, ಆಮೇಲೆ "ಸರ್ವಿಸಿಂಗ್ ಮೇ ಬದಲ್ ಗಯಾ ಹೋಗಾ" (ಸರ್ವಿಸಿಂಗ್‌ನಲ್ಲಿ ಅದಲುಬದಲಾಗಿರಬೇಕು) ಎನ್ನುತ್ತ ಡ್ರಾಯರಿನಿಂದ ನಮ್ಮ ಸ್ಟಿಕ್ ತೆಗೆದುಕೊಟ್ಟರು. ಪರೀಕ್ಷಿಸಿದರೆ ಅದು ಅಪ್ಪಟ ಚಿನ್ನ, ರಾತ್ರಿಯಿಡೀ ಓಡಿಸಿದರೂ ಒಂದು ದೋಷವಿಲ್ಲ. ನಮ್ಮ ಜೋಡಿಯಲ್ಲಿ ಅವರು ಡಬ್ಬಿಯಲ್ಲೇ ಬಿಟ್ಟದ್ದೇ ಕೆಟ್ಟದ್ದು. ಪರೀಕ್ಷೆಯನ್ನೇ ಮಾಡದವರು ಎರಡರಲ್ಲಿ ಒಳ್ಳೆಯದನ್ನೇ ಅಷ್ಟು ಸರಿಯಾಗಿ ಹೇಗೆ ಆರಿಸಿದರೋ, ದೇವರೇ ಬಲ್ಲ.

ಆ ಸ್ಟಿಕ್ ವಾಪಸು ಸಿಗದೇ ಹೋಗಿದ್ದರೆ ವಾರಂಟಿಯೂ ಕೈತಪ್ಪುತ್ತಿತ್ತು. ರ‍್ಯಾಮಿಗೆ ಎಷ್ಟೋ ಕಂಪನಿಗಳು ದೀರ್ಘ ಕಾಲದ, ಕೆಲವು ಜೀವಿತಾವಧಿಯ ವಾರಂಟಿ ಕೊಡುತ್ತವೆ. ಆದರೆ ಜೋಡಿ ಕಿಟ್ ಆದರೆ ಎರಡನ್ನೂ ಒಟ್ಟಿಗೆ ಕೇಳುವವರಿದ್ದಾರೆ, ನಮ್ಮವರೂ ಕೇಳಿದರು. ಎರಡೂ ಕೊಟ್ಟೆವು, ಹೊಸ ಜೋಡಿ ಬಂತು, ಒಂದು ಪೈಸೆ ಖರ್ಚಿಲ್ಲ. ಬೋರ್ಡ್, ಪ್ರೊಸೆಸರ್ ಹಳೆಯವೇ, ಚೆನ್ನಾಗಿಯೇ ನಡೆಯುತ್ತಿವೆ.

ಪರೀಕ್ಷೆ ನೀವೇ ಮಾಡಬಹುದು. ಸುಲಭದ್ದು ವಿಂಡೋಸಿನಲ್ಲೇ ಇದೆ: ಸ್ಟಾರ್ಟ್‌ನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ, ರೀಸ್ಟಾರ್ಟ್ ಆದ ಮೇಲೆ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಿ. ಅದು ದೋಷ ತೋರಿಸಿದರೆ ನಂಬಿ. ದೋಷವಿಲ್ಲ ಎಂದರೆ ಅಷ್ಟಕ್ಕೇ ನಿಲ್ಲಿಸದೆ ಮೆಮ್‌ಟೆಸ್ಟನ್ನು ರಾತ್ರಿಯಿಡೀ ಓಡಿಸಿ. ಇದಕ್ಕೆ ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶದಿಂದ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ) ಅಡ್ಡ ಬಂದರೆ ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟದಲ್ಲಿ, ತಾತ್ಕಾಲಿಕವಾಗಿ ಆಫ್ ಮಾಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಇದ್ದವರು ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ. ದೋಷ ಬಂದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ ಇನ್ನೊಮ್ಮೆ ನೋಡಿ. ಡಿಡಿಆರ್4ರ ಮಾಮೂಲು ವೋಲ್ಟೇಜ್ 1.2, ಎಕ್ಸ್‌ಎಂಪಿಯಲ್ಲಿ ಸಾಮಾನ್ಯವಾಗಿ 1.35; ಕೆಲವು ಯಂತ್ರಗಳಿಗೆ ಆ ವೇಗ ತಡೆಯುವುದಿಲ್ಲ, ಸ್ಟಿಕ್ ಮಾತ್ರ ಸರಿಯಾಗಿಯೇ ಇರುತ್ತದೆ. ಆಮೇಲೂ ದೋಷ ಬಂದರೆ ಪ್ಲಗ್ ಕಿತ್ತು, ಒಂದೇ ಸ್ಟಿಕ್ ಇಟ್ಟು, ಒಂದೇ ಸ್ಲಾಟಿನಲ್ಲಿ ಒಂದಾದ ಮೇಲೆ ಒಂದನ್ನು ಪರೀಕ್ಷಿಸಿ. ಸ್ಟಿಕ್ ಯಾವುದಿಟ್ಟರೂ ಅದೇ ಸ್ಲಾಟಿನಲ್ಲಿ ದೋಷ, ಬೇರೆ ಸ್ಲಾಟಿನಲ್ಲಿ ಇಲ್ಲ ಎಂದಾದರೆ ಮಾತ್ರ ಬೋರ್ಡ್ ಮೇಲೆ ಸಂಶಯ ಪಡಬಹುದು. ನಮ್ಮ ಕಡೆಯ ತೇವದ ಗಾಳಿಗೆ ಸ್ಟಿಕ್ಕಿನ ಅಂಚು ಮಾಸಿದ್ದೂ ಇರಬಹುದು, ತೆಗೆದು ಗಟ್ಟಿಯಾಗಿ ಕೂರಿಸಿದರೆ ಸಾಕಾದ ಉದಾಹರಣೆಗಳಿವೆ. ರಬ್ಬರ್ ಹಾಕಿ ಉಜ್ಜುವುದು ನನಗೆ ಇಷ್ಟವಿಲ್ಲ, ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮೆಡಿಕಲ್ಲಿನಲ್ಲೇ ಸಿಗುತ್ತದೆ.

‘ಮೆಮೊರಿ ಸಾಲದು’ ಎಂಬ ಸಂದೇಶ ಬೇರೆ. ಅದು ಹೆಚ್ಚು ಟ್ಯಾಬ್ ತೆರೆದದ್ದಕ್ಕೆ ಬರುವ ದೂರು, ಕೆಟ್ಟದ್ದರ ಗುರುತಲ್ಲ.

2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಗೆ ರ‍್ಯಾಮ್ ಬೆಲೆ ಏರಿದೆ. ಹಳೆಯ ಡಿಡಿಆರ್4 ಸ್ಟಿಕ್ಕಿಗೂ ಈಗ ಗಿರಾಕಿ ಇದ್ದಾರೆ, ಅದಕ್ಕೇ ಡ್ರಾಯರಿನ ಕಥೆ ಇಷ್ಟು ಬಿಡಿಸಿ ಹೇಳಿದ್ದು. ಯಂತ್ರ ಕೊಡುವಾಗ ಜಾಬ್ ಶೀಟಿನಲ್ಲಿ ರ‍್ಯಾಮ್, ಡಿಸ್ಕ್ ಎರಡರ ಸೀರಿಯಲ್ ನಂಬರ್ ಬರೆಸಿ. ಬರೆಯುವುದಿಲ್ಲ ಎಂದವರ ಅಂಗಡಿಯಿಂದ ಎದ್ದು ಬನ್ನಿ. ನಮ್ಮ ಅಂಗಡಿಯವರು ಫಾರ್ಮ್ಯಾಟಿನ ದುಡ್ಡು, ಬೇಡದ ಎಸ್‌ಎಸ್‌ಡಿಯ ದುಡ್ಡು ಎರಡನ್ನೂ ಹಿಂದಿರುಗಿಸಲು ಒಪ್ಪಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ದಾಖಲಿಸಿದ್ದೇನೆ. ಇದೇ ರೀತಿ ಸ್ಟಿಕ್ ಬದಲಾದವರು ನಿಮ್ಮಲ್ಲಿ ಇದ್ದರೆ ಬಿಲ್ ಹುಡುಕಿಟ್ಟುಕೊಳ್ಳಿ.