ಎಲ್ಕ್ ಬೇಟೆಗೆ ಸಣ್ಣ ರೈಫಲ್ಲೋ, ಒದೆಯುವ ಮ್ಯಾಗ್ನಮ್ಮೋ?

ಕೊಲೊರಾಡೊದಲ್ಲಿ ಎಲ್ಕ್ ಬೇಟೆಗೆ ಹೊರಟರೆ ಎಲ್ಲರೂ ಕೊಡುವ ಸಲಹೆ ಒಂದೇ: ‘ದೊಡ್ಡ ತೋಟಾದ ರೈಫಲ್ ತಗೊ.’ ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಬೆಳೆದ ಗಂಡು ಮುನ್ನೂರು ಕಿಲೋ ತೂಗುತ್ತದೆ. ಹಾಗಾಗಿ ಸಲಹೆ ಸರಿ ಅಂತಲೇ ಕಾಣುತ್ತದೆ. ನಾನು ಹೆಚ್ಚು ಮದ್ದಿನ ದೊಡ್ಡ ತೋಟಾದ .300 ವಿಂಚೆಸ್ಟರ್ ಮ್ಯಾಗ್ನಮ್ ಮತ್ತು ಅದಕ್ಕಿಂತ ಸಣ್ಣ ತೋಟಾದ 6.5 ಕ್ರೀಡ್‌ಮೂರ್ ಎರಡೂ ರೈಫಲ್‌ಗಳನ್ನು ಹೆಗಲಿಗೆ ಹಾಕಿಕೊಂಡು ಈ ಬೆಟ್ಟ ಹತ್ತಿದ್ದೇನೆ. ಈಗ ಪ್ರತಿ ಅಕ್ಟೋಬರ್‌ನಲ್ಲಿ ನನ್ನ ಜೊತೆ ಬರುವುದು 6.5.

ಕಾಗದದ ಮೇಲೆ ನೋಡಿದರೆ ಮ್ಯಾಗ್ನಮ್ಮೇ ಮೇಲು. ಅದರ ಸಾಮಾನ್ಯ ಗುಂಡು 180 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂಗಿಂತ ಸ್ವಲ್ಪ ಜಾಸ್ತಿ. ಸೆಕೆಂಡಿಗೆ ಸುಮಾರು 900 ಮೀಟರ್ ವೇಗ. 6.5ರಲ್ಲಿ ನಾನು ಬಳಸುವುದು 143 ಗ್ರೇನ್, ವೇಗ 820 ಮೀಟರ್ ಆಸುಪಾಸು. ನಳಿಗೆ ಬಿಡುವಾಗ .300ರ ಗುಂಡಿನ ಶಕ್ತಿ ಸುಮಾರು ಒಂದೂವರೆ ಪಟ್ಟು. ಆದರೆ ಒಂದೇ ತೂಕದ ರೈಫಲ್‌ಗಳಲ್ಲಿ ಹೆಗಲಿಗೆ ಬೀಳುವ ಒದೆ ಎರಡು ಪಟ್ಟಿಗೂ ಜಾಸ್ತಿ. ಈ ಎರಡನೇ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

‘ಕೊಡಗಿನವನಿಗೆ ಕೋವಿಯ ಒದೆ ಹೊಸದಾ?’ ಅಂತ ಇಲ್ಲಿನ ಗೆಳೆಯರು ಕಾಲೆಳೆಯುತ್ತಾರೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಹನ್ನೆರಡು ಬೋರಿನ ಕೋವಿ ಹಿಡಿದು ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು ನಾನು. ಆ ಕೋವಿಯೂ ಚೆನ್ನಾಗಿಯೇ ಒದೆಯುತ್ತದೆ. ಆದರೆ ಅಲ್ಲಿ ನಿಂತು ಹೊಡೆಯುತ್ತೇವೆ, ಮೈ ಹಿಂದಕ್ಕೆ ಬಾಗಿ ಒದೆಯನ್ನು ನುಂಗುತ್ತದೆ. ಹೊಡೆಯುವುದೂ ಒಂದೋ ಎರಡೋ ಈಡು. ರೇಂಜಿನಲ್ಲಿ ಮೇಜಿಗೆ ಆನಿಕೊಂಡು ಒಂದು ಡಬ್ಬಿ ಮ್ಯಾಗ್ನಮ್ ತೋಟಾ ಖಾಲಿ ಮಾಡುವುದು ಬೇರೆಯೇ ಕಥೆ. ಅಲ್ಲಿ ಪೆಟ್ಟೆಲ್ಲ ಹೆಗಲಿಗೇ.

ಮನಸ್ಸು ಹೆದರಿಲ್ಲ ಅಂದರೂ ಮೈ ಹೆದರಿರುತ್ತದೆ. ಅದನ್ನು ಹಿಡಿಯಲು ಸುಲಭದ ಪರೀಕ್ಷೆ ಒಂದಿದೆ. ಮದ್ದಿಲ್ಲದ ತೋಟಾಗಳನ್ನು ನಿಜವಾದವುಗಳ ನಡುವೆ ಸೇರಿಸಿ, ನಮಗೆ ಗೊತ್ತಾಗದ ಹಾಗೆ ಇನ್ನೊಬ್ಬರು ತುಂಬಬೇಕು. .300ರಲ್ಲಿ ಮೊದಲ ಕೆಲವು ಈಡು ಸರಿಯಾಗಿಯೇ ಹೋದವು. ಆಮೇಲೆ ಮದ್ದಿಲ್ಲದ ತೋಟಾ ‘ಟಿಕ್’ ಅಂದಾಗೆಲ್ಲ, ಒದೆಗೆ ಮೊದಲೇ ಹೆದರಿದ ಮೈಯಿಂದಾಗಿ ನಳಿಗೆ ಕೆಳಕ್ಕೆ ತೂಗಿತು. 6.5ರಲ್ಲಿ ಡಬ್ಬಿಯ ಕೊನೆಯವರೆಗೂ ಅಲುಗಲಿಲ್ಲ. ಹೆಗಲು ನೋಯದಿದ್ದರೆ ಅಭ್ಯಾಸಕ್ಕೂ ಮನಸ್ಸು ಬರುತ್ತದೆ, ತೋಟಾ ಬೆಲೆಯೂ ಕಡಿಮೆ. ಬೇಸಿಗೆಯಿಡೀ ಯಾವ ರೈಫಲ್ ಹೆಚ್ಚು ಸದ್ದು ಮಾಡಿತು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಒದೆ ತಗ್ಗಿಸಲು ಮ್ಯಾಗ್ನಮ್ ನಳಿಗೆಯ ತುದಿಗೆ ಮಜಲ್ ಬ್ರೇಕ್, ಅಂದರೆ ಮದ್ದಿನ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ತುಂಡು, ಹಾಕಿ ನೋಡಿದೆ. ಒದೆ ನಿಜಕ್ಕೂ ಇಳಿಯಿತು. ಆದರೆ ಸದ್ದು! ಪಕ್ಕದಲ್ಲಿ ಕೂತ ಗೆಳೆಯ ಎದ್ದು ಆಚೆ ಹೋದ. ಕಿವಿಗೆ ರಕ್ಷಣೆ ಇಲ್ಲದೆ ಅದನ್ನು ಕಾಡಿನಲ್ಲಿ ಹಾರಿಸುವುದು ಮೂರ್ಖತನ.

ಬೇಟೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ವ್ಯತ್ಯಾಸ ಇನ್ನೊಂದು. ಈಡು ಹಾರಿದ ಮೇಲೆ ಸ್ಕೋಪಿನಲ್ಲಿ ಏನು ಕಾಣುತ್ತದೆ? 6.5ರಲ್ಲಿ ಮಿಕ ಕಣ್ಣ ಮುಂದೆಯೇ ಇರುತ್ತದೆ. ಗುಂಡು ಭುಜದ ಹಿಂದೆ ತಾಗಿತೋ, ಹಿಂದಕ್ಕೆ ಸರಿದು ಹೊಟ್ಟೆಗೆ ಹೋಯಿತೋ ಅಂತ ಅಂದಾಜು ಸಿಗುತ್ತದೆ. ಬೇಕಿದ್ದರೆ ತಕ್ಷಣ ಎರಡನೇ ಈಡು. .300ರಲ್ಲಿ ಸ್ಕೋಪು ಆಕಾಶ ತೋರಿಸುತ್ತದೆ. ಇಳಿಸಿ ನೋಡುವಷ್ಟರಲ್ಲಿ ಎಲ್ಕ್ ಮರಗಳ ಸಂದಿಗೆ ನುಗ್ಗಿರುತ್ತದೆ. ಎಲ್ಕ್ ಹೇಗೆಂದರೆ, ಶ್ವಾಸಕೋಶಕ್ಕೆ ಸರಿಯಾಗಿ ಗುಂಡು ಬಿದ್ದರೂ ಏನೂ ಆಗದ ಹಾಗೆ ನಾಲ್ಕು ಹೆಜ್ಜೆ ಹಾಕಬಲ್ಲದು. ತಾಗಿತಾ ಇಲ್ಲವಾ ಅನ್ನುವ ಅನುಮಾನದಲ್ಲಿ, ಕತ್ತಲಾಗುವ ಹೊತ್ತಿಗೆ, ರಕ್ತದ ಜಾಡು ಹುಡುಕುವ ಸಂಕಟ ಯಾರಿಗೂ ಬೇಡ.

ಮ್ಯಾಗ್ನಮ್ ಗೆಲ್ಲುವ ಜಾಗವೂ ಇದೆ. ಎಲ್ಕ್ ಓರೆಯಾಗಿ ನಿಂತು ಭುಜದ ಮೂಳೆ ಅಡ್ಡ ಬಂದರೆ, ಗಟ್ಟಿ ಗುಂಡಿನ .300 ಮೂಳೆ ಮುರಿದು ಒಳಗೆ ಹೋಗುತ್ತದೆ. 6.5ರಲ್ಲಿ ನಾನು ಕಾಯುತ್ತೇನೆ. ಅದು ಅಡ್ಡಕ್ಕೆ ತಿರುಗದಿದ್ದರೆ ಬಿಟ್ಟುಬಿಡುತ್ತೇನೆ. ಹೀಗೆ ಕಳೆದುಕೊಂಡ ಎಲ್ಕ್‌ಗಳಿವೆ, ಸಣ್ಣ ರೈಫಲ್ಲಿಗೆ ಕೊಡುವ ಬೆಲೆ ಅದು. ಇನ್ನು ‘ಮ್ಯಾಗ್ನಮ್ ನೇರ ಹೋಗುತ್ತದೆ’ ಅನ್ನುವ ಮಾತು. ಎರಡರ ಗುರಿಯನ್ನೂ 200 ಗಜಕ್ಕೆ ಹೊಂದಿಸಿದರೆ, 400 ಗಜದಲ್ಲಿ ಅವುಗಳ ಇಳಿತದ ವ್ಯತ್ಯಾಸ ಒಂದು ಗೇಣೂ ಇಲ್ಲ. ನಾನು 300 ದಾಟಿ ಹೊಡೆಯುವುದೇ ಇಲ್ಲ.

ಗುಂಡಿನ ಕಟ್ಟು ತೋಟಾದ ಗಾತ್ರಕ್ಕಿಂತ ದೊಡ್ಡ ವಿಷಯ. 1946ರಲ್ಲಿ ಜಾನ್ ನಾಸ್ಲರ್ ಅನ್ನುವವರು ಕೆನಡಾದಲ್ಲಿ ಎಲ್ಕ್‌ಗಿಂತಲೂ ದೊಡ್ಡ ಜಿಂಕೆಯಾದ ಮೂಸ್ ಬೇಟೆಗೆ ಹೋಗಿದ್ದರು. ಕೈಯಲ್ಲಿ ಇದ್ದದ್ದು .300 ಹಾಲೆಂಡ್ ಮ್ಯಾಗ್ನಮ್. ಆದರೂ ಗುಂಡುಗಳು ಆಳಕ್ಕೆ ಇಳಿಯಲಿಲ್ಲ. ಅವರು ರೈಫಲ್ ಬದಲಿಸಲಿಲ್ಲ, ನಡುವೆ ಅಡ್ಡಗೋಡೆ ಇರುವ ಹೊಸ ಗುಂಡನ್ನೇ ಮಾಡಿದರು. ‘ಪಾರ್ಟಿಷನ್’ ಹುಟ್ಟಿದ್ದು ಹಾಗೆ. ಸಣ್ಣ ರೈಫಲ್ ಪರ ಮಾತಾಡುವವರು ಬೆಲ್ ಸಾಹೇಬರನ್ನು ಎಳೆದು ತರುತ್ತಾರೆ. ಆಫ್ರಿಕಾದಲ್ಲಿ 7 ಮಿ.ಮೀ. ರೈಫಲ್ಲಿನಲ್ಲೇ ನೂರಾರು ಆನೆ ಉರುಳಿಸಿದವರು. ನಿಜ. ಆದರೆ ಅವರು ಹಾರಿಸಿದ್ದು ತಾಗಿದ ಮೇಲೂ ಅರಳಿ ಅಗಲವಾಗದ ಗಟ್ಟಿ ಗುಂಡು, ಮಿದುಳಿಗೆ ಗುರಿ ಇಟ್ಟು. ಆನೆಯ ತಲೆಬುರುಡೆಯನ್ನು ಅಷ್ಟು ಓದಿದ್ದವರ ಲೆಕ್ಕ ವಾರಾಂತ್ಯದ ಶಿಕಾರಿಗೆ ಅನ್ವಯಿಸುವುದಿಲ್ಲ.

ಹಾಗಂತ ಇನ್ನೂ ಸಣ್ಣದಕ್ಕೆ ಇಳಿಯಬೇಡಿ. .243 ವಿಂಚೆಸ್ಟರ್ ಇಲ್ಲಿ ಎಲ್ಕ್‌ಗೂ ಕಾನೂನುಬದ್ಧ, ಗುಂಡು ಕನಿಷ್ಠ 85 ಗ್ರೇನ್ ಇರಬೇಕು ಅಷ್ಟೆ. ಮ್ಯೂಲ್ ಜಿಂಕೆಗೆ ಅದು ಬಹಳ ಚೆಂದ. ಎಲ್ಕ್‌ಗೆ ನನ್ನ ಕೈ ಬರುವುದಿಲ್ಲ.

ಮಾಂಸದ ವಿಷಯದಲ್ಲೂ 6.5 ನನಗೆ ಲಾಭ. ಹತ್ತಿರದಿಂದ .300 ಹೊಡೆದರೆ ಭುಜದ ಸುತ್ತ ರಕ್ತ ಹೆಪ್ಪುಗಟ್ಟಿ ಎಷ್ಟೋ ಮಾಂಸ ಹಾಳು. ಕೊಡಗಿನ ಹುಳಿರಸ ಕಾಚಂಪುಳಿ ಹಾಕಿ ಕರಿಮೆಣಸಿನಲ್ಲಿ ಬೇಯಿಸುವುದು ಮನೆಯಲ್ಲಿ ಎಲ್ಲರಿಗೂ ಇಷ್ಟ ಇರುವಾಗ ಅದು ಸುಮ್ನೆ ಬಿಡುವ ನಷ್ಟವಲ್ಲ.

.300 ಮಾರಿಲ್ಲ. ಮೂಸ್ ಪರವಾನಗಿಗೆ ಪ್ರತಿ ವರ್ಷ ಲಾಟರಿ ಹಾಕುತ್ತಿದ್ದೇನೆ. ಬಂದರೆ ಅದನ್ನು ಹೊರತೆಗೆಯುತ್ತೇನೆ, ಬ್ರೇಕ್ ಬಿಚ್ಚಿ, ಸದ್ದನ್ನೂ ಒದೆಯನ್ನೂ ತಗ್ಗಿಸುವ ಸಪ್ರೆಸರ್ ಹಾಕಿ.