ಜಾಂಬೋಟಿಯೋ, ರಾಜಹಂಸಗಡವೋ, ರಕ್ಕಸಕೊಪ್ಪವೋ?

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಮಗ ತನ್ನ ಹಳೆಯ ಸೈಕಲ್ಲಿಗೆ ಹೊಸ ಟೈರ್ ಹಾಕಿಸಿಕೊಂಡು ಬಂದು, "ಮಾಮಾ, ಹೋದ ದಾರಿಯಲ್ಲೇ ತಿರುಗಿ ಬರುವುದಾದರೆ ನಾನು ಬರುವುದಿಲ್ಲ" ಎಂದ. ನನ್ನ ಷರತ್ತುಗಳು ಬೇರೆಯಿದ್ದವು. ಬೆಳಿಗ್ಗೆ ಆರಕ್ಕೆ ಬೆಳಗಾವಿಯ ಟಿಳಕವಾಡಿಯಿಂದ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕು; ಹೊಲ, ಗುಡ್ಡ, ನೀರು ಕಾಣಬೇಕು; ಮರುದಿನ ಮೆಟ್ಟಿಲು ಹತ್ತುವಾಗ ತೊಡೆ ಹಿಡಿದುಕೊಳ್ಳಬಾರದು. ಒಟ್ಟಿನಲ್ಲಿ ಸುಲಭವೂ ಅಲ್ಲದ, ಕಠಿಣವೂ ಅಲ್ಲದ ಮಧ್ಯಮ ಸೈಕಲ್ ಸುತ್ತು ಬೇಕಿತ್ತು. ಹೀಗೆ ಮೂರು ಸುತ್ತು ಹಾಕಿ ನೋಡಿದೆವು.

ಯಾರನ್ನು ಕೇಳಿದರೂ ಮೊದಲು ಹೇಳುವುದು ಜಾಂಬೋಟಿ. ಪೀರನವಾಡಿಯಲ್ಲಿ ಚೋರ್ಲಾ ಘಾಟಿನ ರಸ್ತೆ ಬಲಕ್ಕೆ ಒಡೆಯುತ್ತದೆ. ಕಿಣಯೆ ದಾಟಿದ ಮೇಲೆ ಹೊಲಗಳು ಹಿಂದುಳಿದು ಮರಗಳು ರಸ್ತೆಗೆ ಹತ್ತಿರವಾಗುತ್ತವೆ. ಕುಸಮಳ್ಳಿಯ ಬಳಿ ಮಲಪ್ರಭೆ ಸಿಗುತ್ತಾಳೆ. ಕಣಕುಂಬಿಯಲ್ಲಿ ಹುಟ್ಟಿ ಇನ್ನೂ ಹೆಚ್ಚು ದೂರ ಬಂದಿರದ ಹೊಳೆ. ಜಾಂಬೋಟಿಯಲ್ಲಿ ಚಹಾ, ಬಿಸಿ ಭಜಿ. ಅಲ್ಲಿಂದ ಎಡಕ್ಕೆ ಹೊರಳಿ ಖಾನಾಪುರಕ್ಕೆ ಬಂದರೆ ಅದೇ ಮಲಪ್ರಭೆ ಮತ್ತೆ ಎದುರಾಗುತ್ತಾಳೆ, ಈ ಸಲ ಮೈತುಂಬಿಕೊಂಡು. ಒಂದೇ ಬೆಳಿಗ್ಗೆ ಒಂದು ನದಿಯನ್ನು ಎರಡು ಪ್ರಾಯದಲ್ಲಿ ನೋಡುವ ಈ ಸುಖ ಉಳಿದೆರಡು ಸುತ್ತುಗಳಲ್ಲಿ ಇಲ್ಲ ಎಂಬುದನ್ನು ಒಪ್ಪಬೇಕು.

ತೊಂದರೆ ಶುರುವಾಗುವುದು ಖಾನಾಪುರದಿಂದ. ಒಟ್ಟು ಸುಮಾರು 75 ಕಿಲೋಮೀಟರಿನಲ್ಲಿ ಕೊನೆಯ 26 ಉಳಿದಿರುತ್ತವೆ, ಹೊತ್ತು ಏರಿರುತ್ತದೆ, ಗೋವಾ ಹೆದ್ದಾರಿಯಲ್ಲಿ ಲಾರಿಗಳು ಗಾಳಿ ಬೀಸಿಕೊಂಡು ಹೋಗುತ್ತಿರುತ್ತವೆ. ಖಾನಾಪುರ ಬೆಳಗಾವಿಗಿಂತ ತಗ್ಗಿನಲ್ಲಿದೆ. ಈ ಏರು ಕಣ್ಣಿಗೆ ಕಾಣುವುದಿಲ್ಲ, ಮೊಣಕಾಲಿಗೆ ಮಾತ್ರ ತಿಳಿಯುತ್ತದೆ. ದೇಸೂರಿನ ಹತ್ತಿರ ಹುಡುಗ ಸೈಕಲ್ಲನ್ನು ಮರಕ್ಕೆ ಒರಗಿಸಿ, ಬಾಟಲಿಯಲ್ಲಿ ಉಳಿದಿದ್ದ ಒಂದು ಗುಟುಕು ನೀರನ್ನು ಕುಡಿಯಲೋ ತಲೆಗೆ ಸುರಿದುಕೊಳ್ಳಲೋ ಎಂದು ಲೆಕ್ಕ ಹಾಕುತ್ತ ನಿಂತಿದ್ದ.

ಎರಡು ವಾರದ ನಂತರ ಅದನ್ನೇ ತಿರುವುಮುರುವಾಗಿ ಹೊಡೆದೆವು. ನಸುಕಿನಲ್ಲಿ ಹೆದ್ದಾರಿ ಖಾಲಿ, ಖಾನಾಪುರದವರೆಗೆ ಬಹುಪಾಲು ಇಳಿಜಾರು, ಒಂದೂಕಾಲು ತಾಸಿನಲ್ಲಿ ಮುಟ್ಟಿದೆವು. ಆದರೆ ಅಲ್ಲಿಂದ ಜಾಂಬೋಟಿಗೆ ಪಶ್ಚಿಮಕ್ಕೆ ಮುಖ ಮಾಡಬೇಕು, ನಮ್ಮ ಭಾಗದ ಮಳೆಗಾಲದ ಗಾಳಿ ಬೀಸುವುದೂ ಆ ಕಡೆಯಿಂದಲೇ. ಗಾಳಿಗೆ ಹೆದರಿದರೆ ಲಾರಿ, ಲಾರಿಗೆ ಹೆದರಿದರೆ ಗಾಳಿ. ಡಿಸೆಂಬರಿನಲ್ಲಿ, ಗಾಳಿ ಇಳಿದ ಮೇಲೆ, ಖಾನಾಪುರವನ್ನು ಮೊದಲಿಟ್ಟುಕೊಂಡು ಹೋಗುವವರಿಗೆ ಇದು ಒಳ್ಳೆಯ ಸುತ್ತು. ಮಧ್ಯಮ ಎಂದು ಮಾತ್ರ ಯಾರೂ ಕರೆಯಬಾರದು.

ರಾಜಹಂಸಗಡದ್ದು ಇದಕ್ಕೆ ವಿರುದ್ಧ. ಯಳ್ಳೂರಿನ ಮೇಲೆ ಹೋಗಿ, ಕೋಟೆ ನೋಡಿ, ದೇಸೂರು, ಮಚ್ಛೆಯ ಕಡೆಯಿಂದ ಬಂದರೆ ನನ್ನ ಮೀಟರಿನಲ್ಲಿ 35ರ ಆಸುಪಾಸು. ದೂರ ಏನೂ ಅಲ್ಲ, ಆದರೆ ಕಷ್ಟವೆಲ್ಲ ಒಂದೇ ಕಡೆ ಗಂಟುಕಟ್ಟಿದೆ: ಕೋಟೆಯ ಏರು. ನಾನು ಅರ್ಧಕ್ಕೇ ಇಳಿದು ತಳ್ಳಿದೆ. ಹುಡುಗ ತುಳಿಯುತ್ತಲೇ ಹತ್ತಿದ, ಮೇಲೆ ಸಿದ್ಧೇಶ್ವರ ಗುಡಿಯ ಕಟ್ಟೆಯ ಮೇಲೆ ಮಲಗಿಬಿಟ್ಟ. ಗೋಡೆಯ ಮೇಲಿಂದ ಸುತ್ತಲಿನ ಗದ್ದೆಗಳು ಚೆನ್ನಾಗಿ ಕಾಣುತ್ತವೆ. ಭತ್ತ ತೆನೆ ಬಿಡುವ ಕಾಲದಲ್ಲಿ ಯಳ್ಳೂರಿನ ರಸ್ತೆಯಲ್ಲಿ ಬಾಸುಮತಿಯ ಘಮ ಇರುತ್ತದೆ. ಆ ನಾಲ್ಕಾರು ಕಿಲೋಮೀಟರಿನಲ್ಲಿ ನಾನು ಬೇಕೆಂದೇ ನಿಧಾನ ಮಾಡಿದೆ. ಮೂರು ತಾಸು ಮಾತ್ರ ಬಿಡುವಿರುವವರಿಗೆ ಇದು ಸಾಕು.

ನಾನು ಮತ್ತೆ ಮತ್ತೆ ಹೋಗುವುದು ರಕ್ಕಸಕೊಪ್ಪಕ್ಕೆ. ಬೆನಕನಹಳ್ಳಿ, ಬೆಳಗುಂದಿ, ಮಾರ್ಕಂಡೇಯ ನದಿಯ ಜಲಾಶಯ, ಅದರಾಚೆ ತುಡಯೆ, ಅಲ್ಲಿಂದ ವೆಂಗುರ್ಲಾ ರಸ್ತೆ ಹಿಡಿದು ಸುಳಗಾ, ಹಿಂಡಲಗಾ: ಹೆಚ್ಚುಕಡಿಮೆ 40 ಕಿಲೋಮೀಟರ್. ಏರುಗಳಿವೆ, ಆದರೆ ಬಿಡಿಬಿಡಿಯಾಗಿ ಹಂಚಿಕೊಂಡಿವೆ. ಒಂದು ಮುಗಿದು ಉಸಿರು ಕೂಡುವಷ್ಟರಲ್ಲಿ ಇಳಿಜಾರು ಸಿಗುತ್ತದೆ. ಹೋಗುವಾಗ ಬೆಳಗಿನ ಸೂರ್ಯ ಬೆನ್ನಿಗೆ, ಬರುವಾಗ ಪಶ್ಚಿಮದ ಗಾಳಿ ಬೆನ್ನಿಗೆ. ಜಾಂಬೋಟಿಯಲ್ಲಿ ಕೂಡಿಬಾರದ ಲೆಕ್ಕ ಇಲ್ಲಿ ತಾನಾಗಿ ಕೂಡಿಬರುತ್ತದೆ. ನಮ್ಮ ನಳದಲ್ಲಿ ಬರುವ ನೀರು ಇಲ್ಲಿಯದೇ (ಹಿಡಕಲ್ ಜಲಾಶಯದ್ದೂ ಸೇರುತ್ತದೆ ಎನ್ನಿ), ಆದ್ದರಿಂದ ದಂಡೆಯಲ್ಲಿ ಕುಳಿತು ಅವಲಕ್ಕಿ ತಿನ್ನಿ, ಕೈ ತೊಳೆಯಲು ಬಾಟಲಿ ಒಯ್ಯಿರಿ. ತುಡಯೆ ಮಹಾರಾಷ್ಟ್ರದ್ದು; ಎದುರಿಗೆ ಅಲ್ಲಿಯ ಸರಕಾರಿ ಎಸ್‌ಟಿ ಬಸ್ ಬಂದಾಗಲೇ ನಮಗೆ ಅದು ನೆನಪಾದದ್ದು.

ಇದರಲ್ಲಿಯೂ ಒಂದು ಕೊರೆ ಇದೆ. ಜಲಾಶಯದ ಹಿಂಭಾಗದಲ್ಲಿ ಮೊಬೈಲ್ ನಕ್ಷೆ ನಮಗೊಂದು ಒಳದಾರಿ ತೋರಿಸಿತು. ಡಾಂಬರು ಮುಗಿದು ಕೆಂಪು ಮಣ್ಣು ಬಂತು, ಮಣ್ಣು ಮುಗಿದು ಬದು ಬಂತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಸೈಕಲ್ ಉರುಳುವುದನ್ನೇ ಬಿಟ್ಟಿತು. ಕಡ್ಡಿಯಿಂದ ಕೆರೆಯುತ್ತ ಕುಳಿತಿದ್ದಾಗ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬಳು ನಿಂತು, "ಮುಂದೆ ನೀರಷ್ಟೇ ಇದೆ ತಮ್ಮಾ, ಈಜಲು ಬರುತ್ತದೆಯೇ?" ಎಂದು ಕೇಳಿದಳು. ಆಗಿನಿಂದ ದಾರಿ ಒಡೆಯುವಲ್ಲೆಲ್ಲ ಮೊಬೈಲ್ ಕಿಸೆಗೆ ಹಾಕಿ, ಎದುರಿಗೆ ಸಿಕ್ಕವರನ್ನು "ತುಡಯೆಗೆ ಡಾಂಬರು ರಸ್ತೆ ಯಾವುದು?" ಎಂದು ಕೇಳುತ್ತೇವೆ. ಡಾಂಬರು ಎಂಬ ಶಬ್ದವನ್ನು ಬಿಡದೆ ಕೇಳಬೇಕು.

ಹುಡುಗನ ಮನಸ್ಸು ಮಾತ್ರ ಇನ್ನೂ ಜಾಂಬೋಟಿಯ ಮೇಲೆಯೇ ಇದೆ. ಅವನ ಸೈಕಲ್ಲಿನ ಸಣ್ಣ ಗೇರು ಬೀಳುವುದಿಲ್ಲ. ಅದನ್ನು ರಿಪೇರಿ ಮಾಡಿಸಿಕೊಂಡು ಬಾ, ಡಿಸೆಂಬರಿನಲ್ಲಿ ನೋಡೋಣ ಎಂದಿದ್ದೇನೆ.