ಮಲೆನಾಡಿನಲ್ಲಿ ಮನೆ: ಜಂಬಿಟ್ಟಿಗೆ ದಿಣ್ಣೆಯೋ, ಬರೆ ಕಡಿದ ತಟ್ಟೋ, ಗದ್ದೆಯಂಚೋ?

ಮೊದಲು ಅಡಿಪಾಯ. ಜಂಬಿಟ್ಟಿಗೆ (ತೂತುತೂತಾದ ಕೆಂಪು ಕಲ್ಲು) ದಿಣ್ಣೆಯಲ್ಲಿ ಎರಡು-ಮೂರು ಅಡಿಗೇ ಗಟ್ಟಿ ನೆಲ ಸಿಗುವುದುಂಟು, ಖರ್ಚು ಕಡಿಮೆ. ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಸಮ ಮಾಡಿದ ತಟ್ಟಿನಲ್ಲಿ ಒಂದು ಪಕ್ಕ ಕಡಿದ ನೆಲ, ಇನ್ನೊಂದು ಪಕ್ಕ ತುಂಬಿದ ಮಣ್ಣು. ಮಳೆ ಕುಡಿದು ತುಂಬಿದ ಮಣ್ಣು ಕೂರುತ್ತದೆ, ಗೋಡೆ ಓರೆಯಾಗಿ ಬಿರಿಯುತ್ತದೆ. ಇಡೀ ಮನೆ ಕಡಿದ ಭಾಗದಲ್ಲೇ ಕೂರುವಂತಿದ್ದರೆ ಮಾತ್ರ ಯೋಚಿಸಿ. ಆಗಲೂ ಹಿಂದಿನ ಬರೆಗೆ ತಡೆಗೋಡೆ, ಗೋಡೆಯಲ್ಲಿ ನೀರು ಹೊರಬೀಳುವ ತೂತು, ಮೇಲ್ಗಡೆ ನೀರು ತಿರುಗಿಸುವ ಚರಂಡಿ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೆನೆದರೆ ಈ ಖರ್ಚು ದೊಡ್ಡದೆನಿಸದು. ಗದ್ದೆಯಂಚಿನ ಜೇಡಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವಂಥದ್ದಾದರೆ ಕಾಂಕ್ರೀಟ್ ತೊಲೆಗಳ ಅಡಿಪಾಯವೇ ಗತಿ.

ಶೌಚದ ಇಂಗುಗುಂಡಿಗೆ ಲೆಕ್ಕ ಬೇರೆ. ಗುಂಡಿ ಬರುವ ಆಳದಲ್ಲಿ ಒಂದಡಿ ಕುಳಿ ತೋಡಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮತ್ತೆ ನೀರು ಹಾಕಿ. ಒಂದಿಂಚು ಇಳಿಯಲು ಅರ್ಧ ಗಂಟೆ ಮೀರಿದರೆ ಇಂಗುಗುಂಡಿ ನಂಬಬೇಡಿ. ಈ ಪರೀಕ್ಷೆ ಮಳೆಗಾಲದಲ್ಲೇ ಆಗಬೇಕು. ಬೇಸಿಗೆಯಲ್ಲಿ ಗದ್ದೆಯಂಚೂ ಪಾಸಾಗುತ್ತದೆ! ಜಂಬಿಟ್ಟಿಗೆಯ ತೊಂದರೆ ಉಲ್ಟಾ: ತೂತುಗಳಲ್ಲಿ ಕೊಳೆನೀರು ಸೋಸದೆ ಓಡಿ ಬಾವಿ ಸೇರಬಹುದು. ಬಾವಿಯಿಂದ 60 ಅಡಿ ಕನಿಷ್ಠ, ಇಲ್ಲಿ ಇನ್ನೂ ದೂರವಿರಲಿ, ಗುಂಡಿ ಬಾವಿಗಿಂತ ಇಳಿಜಾರಿನ ಕೆಳಗಿರಲಿ. ತಟ್ಟಿನ ತುಂಬಿದ ಅಂಚಿನಲ್ಲಂತೂ ಗುಂಡಿ ಬೇಡ, ಅಂಚೇ ಜಾರುತ್ತದೆ.

ತೋಟವೇ ಮುಖ್ಯವೆಂದರೆ ಗದ್ದೆಯಂಚು. ಅಡಿಕೆಗೆ ಬಸಿಗಾಲುವೆ ತೆಗೆದರಾಯಿತು. ದಿಣ್ಣೆಯಲ್ಲಿ ಗಿಡಕ್ಕೊಂದು ಗುಂಡಿ ಒಡೆದು ಮೇಲ್ಮಣ್ಣು, ಗೊಬ್ಬರ ತುಂಬಬೇಕು. ಮಣ್ಣು ಹುಳಿಯಿದ್ದರೆ ಸುಣ್ಣವೂ ಬೇಕು. ಜಾಗ ದಿಣ್ಣೆಯಿಂದ ಗದ್ದೆಯಂಚಿನವರೆಗೆ ಉದ್ದಕ್ಕಿದ್ದರೆ ಮನೆ ಮೇಲೆ, ತೋಟ ಕೆಳಗೆ.